ಆ ಭಾನುವಾರದ ಸಾಕ್ಷಿ

ಕಾಬಿರುಂಗ ಹೆರಿಗೆ ಮನೆ, ಕಿಗೇಜಿ
3 ಮಾರ್ಚ್ 1964

ಕ್ರಿಸ್ತನಲ್ಲಿ ಪ್ರೀತಿಯ ಸಹೋದರಿ ಪೆರುಸಿಗೆ,

ಯೇಸುವಿನ ಹೆಸರಿನಲ್ಲಿ ವಂದನೆಗಳು. ನಿನ್ನ ವಿಳಾಸವನ್ನು ಕಬಾಲೆಯ ಸಂತೆಯಲ್ಲಿ ನಿನ್ನ ಅತ್ತಿಗೆ ಕೊಟ್ಟಳು. ಕೊಡಲು ಅವಳಿಗೆ ಮನಸ್ಸಿರಲಿಲ್ಲ. ಗೆಣಸಿನ ರಾಶಿಯ ಹಿಂದೆ ಕೂತು, "ಎರಡು ವರ್ಷ ಅವಳು ಇದಾಳೋ ಸತ್ತಳೋ ಅಂತ ಕೇಳದೋಳು ಈಗ್ಯಾಕೆ ಕೇಳ್ತೀಯ?" ಎಂದಳು. ಆಮೇಲೆ ಕೊಟ್ಟಳು.

ನೀನು ಕಿಹಿಹಿಯಲ್ಲಿ ಹೊಗೆಸೊಪ್ಪಿನ ಕೊಟ್ಟಿಗೆಯಲ್ಲಿ ಎಲೆ ಆರಿಸುತ್ತಿದ್ದೀಯೆಂದು ಕೇಳಿ ನೋವಾಯಿತು. ನಮ್ಮ ಸಹೋದರ ಸಹೋದರಿಯರು ಹೊಗೆಸೊಪ್ಪನ್ನು ಮುಟ್ಟುವುದಿಲ್ಲವೆಂದು ನಿನಗೆ ಗೊತ್ತು. ಆದರೂ ನಾನು ನಿನ್ನ ಮೇಲೆ ತೀರ್ಪು ಹೇಳುವುದಿಲ್ಲ.

ಇಲ್ಲಿ ಎಲ್ಲ ಚೆನ್ನಾಗಿದೆ. ವಾರ್ಡಿಗೆ ತಗಡಿನ ಹೊಸ ಚಾವಣಿ ಬಂದಿದೆ. ಬರುವ ಆಗಸ್ಟಿನಲ್ಲಿ ವಿಶ್ವಾಸಿಗಳ ಮಹಾಕೂಟ ಮತ್ತೆ ನಮ್ಮ ಗುಡ್ಡದ ಕೆಳಗಿನ ಬಯಲಿನಲ್ಲೇ ನಡೆಯುತ್ತದೆ. ಭಾನುವಾರದ ಸಾಕ್ಷಿಯನ್ನು, ಕರ್ತನು ನನ್ನನ್ನು ಪಾಪದಿಂದ ಎತ್ತಿದ ಕಥೆಯನ್ನು, ನಾನೇ ಹೇಳಬೇಕೆಂದು ಕೂಟದ ಹಿರಿಯ ಎರಿಸಾ ಕೇಳಿದ್ದಾರೆ. ನಮ್ಮಿಬ್ಬರ ನಡುವೆ ಕವಿದಿರುವ ಮಂಜನ್ನೂ ಅಂದು ಬೆಳಕಿಗೆ ತರಬೇಕೆಂದು ನನಗೆ ಪ್ರೇರಣೆಯಾಗಿದೆ. ನೀನು ನನ್ನನ್ನು ಕ್ಷಮಿಸಿದ್ದೀಯೆಂದು ಎರಡು ಸಾಲು ಬರೆದು ಕಳಿಸಿದರೆ ಅದನ್ನು ವೇದಿಕೆಯ ಮೇಲೆ ಓದುತ್ತೇನೆ. ಬಹಳ ಜನಕ್ಕೆ ಆಶೀರ್ವಾದವಾಗುತ್ತದೆ.

ಇನ್ನೊಂದು ಮಾತು. ಜನವರಿಯಿಂದ ನನಗೆ ಪ್ರಾರ್ಥನೆ ಮಾಡಲಾಗುತ್ತಿಲ್ಲ. ಮೊಣಕಾಲೂರಿದರೆ ನೆಲದ ಬಿರುಕು ಕಾಣುತ್ತದೆ, ಅಷ್ಟೇ. ಇದನ್ನು ಯಾರಿಗೂ ಹೇಳಿಲ್ಲ.

ಕರ್ತನಲ್ಲಿ ನಿನ್ನ ಸಹೋದರಿ,
ಯೂನಿಯ


ಕಿಹಿಹಿ
29 ಮಾರ್ಚ್ 1964

ಯೂನಿಯ,

ಮಂಜು ಎಂದು ಬರೆದಿದ್ದೀಯ. ಯಾವ ಮಂಜು? ನನಗೆ ಎಲ್ಲವೂ ಕಾಣುತ್ತಿದೆ. ನಿನಗೆ ಮರೆತಿದ್ದರೆ ಹೇಳುತ್ತೇನೆ, ಕೇಳು.

1962ರ ಆಗಸ್ಟ್, ಮಹಾಕೂಟದ ಕೊನೆಯ ಭಾನುವಾರ, ಮಧ್ಯಾಹ್ನ. ಮೇಲೆ ವಾರ್ಡಿನಲ್ಲಿ ನಾನೊಬ್ಬಳೇ. ಎಸೆರಿಗೆ ಹೆಣ್ಣುಮಗು ಹುಟ್ಟಿತು, ಮಾಸು ಬಿತ್ತು, ಆಮೇಲೆ ರಕ್ತ ನಿಲ್ಲಲಿಲ್ಲ. ಹೊಟ್ಟೆ ಉಜ್ಜಿದೆ, ಮುಷ್ಟಿಯಿಟ್ಟು ಒತ್ತಿದೆ. ರಕ್ತ ನಿಲ್ಲಿಸುವ ಸೂಜಿಮದ್ದು ಬೀರುವಿನಲ್ಲಿತ್ತು. ಬೀರುವಿನ ಬೀಗದಕೈ ನಿನ್ನ ಕೊರಳಿನ ದಾರದಲ್ಲಿತ್ತು. ನೀನು ಕೆಳಗೆ ವೇದಿಕೆಯ ಮೇಲೆ, ಎರಡು ಸಾವಿರ ಜನರ ಮುಂದೆ, ನಿನ್ನ ಪಾಪಗಳನ್ನು ಹೇಳುತ್ತಿದ್ದೆ.

ನಾನು ಓಡಿ ಬಂದೆ. ವೇದಿಕೆಯ ಪಕ್ಕ ನಿಂತು, "ಯೂನಿಯ, ರಕ್ತ ನಿಲ್ತಿಲ್ಲ, ಕೀ ಕೊಡೇ" ಎಂದೆ. ನೀನು ನನ್ನನ್ನು ನೋಡಿದೆ. ಅಂಗೈ ಎತ್ತಿ, ತಾಳು ಎಂದು ಸನ್ನೆ ಮಾಡಿದೆ. ನನ್ನ ಕಣ್ಣೀರು ನೋಡಿ ಕಾವಲಿಗಿದ್ದ ಸಹೋದರ, "ಕೂತ್ಕೊಳಮ್ಮ, ಪಶ್ಚಾತ್ತಾಪ ಪಡೋರಿಗೆಲ್ಲ ಸರದಿ ಬರುತ್ತೆ" ಎಂದ. ಮತ್ತೆ ಮೇಲಕ್ಕೆ ಓಡಿದೆ. ಇನ್ನೊಂದು ಸಲ ಇಳಿದು ಬಂದೆ. ಆಗ ನೀನು ಮುಖವನ್ನೇ ಆಚೆ ತಿರುಗಿಸಿದೆ. ವಾಪಸು ಹೋಗಿ ಕಲ್ಲಿನಿಂದ ಬೀಗ ಒಡೆದೆ. ಅಷ್ಟರಲ್ಲಿ ತಡವಾಗಿತ್ತು. ಎಸೆರಿ ನನ್ನ ತೋಳಿನಲ್ಲೇ ಪ್ರಾಣ ಬಿಟ್ಟಳು.

ಡಾಕ್ಟರಮ್ಮ ನಡೆಸಿದ ವಿಚಾರಣೆಯಲ್ಲಿ ನೀನೇನು ಹೇಳಿದೆ? ಕೀ ಎಂದಿನಂತೆ ಬಾಗಿಲ ಪಕ್ಕದ ಮೊಳೆಯಲ್ಲೇ ಇತ್ತು, ಪೆರುಸಿ ಗಾಬರಿಬಿದ್ದು ನೋಡಲಿಲ್ಲ, ನನ್ನನ್ನು ಯಾರೂ ಕರೆಯಲಿಲ್ಲ ಎಂದೆ. ನಿನ್ನ ಮಾತನ್ನು ನಂಬದವರು ಯಾರು? ದಾದಿಯರ ಪಟ್ಟಿಯಿಂದ ನನ್ನ ಹೆಸರನ್ನು ಹೊಡೆದು ಹಾಕಿದರು. ನನ್ನ ಗಂಡ, "ಕೊಲೆಗಾತಿ ಕೈಯಲ್ಲಿ ನಾನು ಉಣ್ಣಲ್ಲ" ಎಂದು ತವರಿಗೆ ಕಳಿಸಿದ.

ಈಗ ನಿನಗೆ ನನ್ನ ಕ್ಷಮೆ ಬೇಕು, ಅದನ್ನು ಅದೇ ವೇದಿಕೆಯ ಮೇಲೆ ಓದಲು ಬೇಕು. ನಿನ್ನ ಸಾಕ್ಷಿಗೆ ನಾನು ಸರಕಲ್ಲ, ಯೂನಿಯ. ಹೊಗೆಸೊಪ್ಪಿನ ವಾಸನೆ ಸೋಪು ಹಾಕಿ ತೊಳೆದರೆ ಹೋಗುತ್ತದೆ.

ಪೆರುಸಿ


ಕಾಬಿರುಂಗ
20 ಏಪ್ರಿಲ್ 1964

ಪೆರುಸಿ,

ನಿನ್ನ ಪತ್ರವನ್ನು ಹೆರಿಗೆಯ ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ. ಎಷ್ಟು ಸಲ ಓದಿದೆನೋ. ಪ್ರತಿ ಸಲವೂ ಒಂದು ಉತ್ತರ ಹುಟ್ಟುತ್ತದೆ: ನನಗೆ ಸರಿಯಾಗಿ ಕೇಳಿಸಲಿಲ್ಲ, ಧ್ವನಿವರ್ಧಕದ ಗದ್ದಲ, ಸ್ವಲ್ಪ ರಕ್ತ ಹೋಗುವುದು ಮಾಮೂಲು ಎಂದುಕೊಂಡೆ. ಬರೆಯಲು ಕೂತರೆ ಕೈ ಓಡುವುದಿಲ್ಲ. ನನಗೆ ಕೇಳಿಸಿತ್ತು. ರಕ್ತ ಎಂಬ ಮಾತು ಕೇಳಿಸಿತ್ತು.

ಜನ ಅಳುತ್ತಿದ್ದರು, ಪೆರುಸಿ. ಮುಂದಿನ ಸಾಲಿನ ಮುದುಕನೊಬ್ಬ ಎದ್ದು ನಿಂತಿದ್ದ. ಇನ್ನೆರಡು ಮಾತು ಹೇಳಿದರೆ ಇನ್ನಷ್ಟು ಜನ ಏಳುತ್ತಾರೆ ಅನ್ನಿಸಿತು. ಅದು ದೇವರಿಗಾಗಿ ಎಂದೇ ಅಂದುಕೊಂಡೆ. ನಲವತ್ತು ಮಂದಿ ಎದ್ದು ಬಂದರು. ಆ ನಲವತ್ತು ಮಂದಿಯನ್ನು ನೋಡುತ್ತ ನನಗೆ ಆಗುತ್ತಿದ್ದ ಸುಖ ಎಂಥದೆಂದು ಈಗ ಗೊತ್ತಾಗುತ್ತಿದೆ.

ಆಮೇಲಿನ ಈ ಎರಡು ವರ್ಷದಲ್ಲಿ ಶುಕ್ರವಾರದ ಕೂಟಗಳಲ್ಲಿ ನಾನು ಎಷ್ಟೊಂದು ಪಾಪ ಒಪ್ಪಿಕೊಂಡೆ! ಹಾಸಿಗೆಯ ಕೆಳಗೆ ಮಣಿಸರ ಬಚ್ಚಿಟ್ಟಿದ್ದು, ಅತ್ತಿಗೆಯ ಮೇಲಿನ ಹೊಟ್ಟೆಕಿಚ್ಚು, ವಾರ್ಡಿನ ಸಕ್ಕರೆ ತಿಂದದ್ದು. ಪ್ರತಿ ಸಲವೂ ಎಲ್ಲರೂ ಅಪ್ಪಿಕೊಂಡು ಹಾಡಿದರು. ಸಣ್ಣ ಪಾಪಗಳನ್ನು ಕಟ್ಟಿ ಕಟ್ಟಿ ಗೋಡೆ ಎಬ್ಬಿಸಿದೆ. ಗೋಡೆಯ ಹಿಂದೆ ಎಸೆರಿ ಮಲಗಿದ್ದಾಳೆ.

ಮೊನ್ನೆ ಎರಿಸಾ ಅವರಿಗೆ ಇದನ್ನು ಹೇಳಿದೆ. ಅವರು ಎದ್ದು ಬಾಗಿಲು ಮುಚ್ಚಿ ಬಂದರು. ಆಮೇಲೆ, "ಅದೆಲ್ಲ ಶಿಲುಬೆ ಮೇಲೆ ತೀರಿಹೋಯ್ತು ತಾಯಿ. ತೀರಿದ್ದನ್ನ ಮತ್ತೆ ಅಗೀಬೇಡ. ನೀನು ಬಾಯಿ ಬಿಟ್ರೆ ಹೆರಿಗೆ ಮನೆ ಮುಚ್ಚುತ್ತೆ, ಸೈತಾನನಿಗೆ ಹಬ್ಬ" ಎಂದರು. ನನಗೆ ಸಮಾಧಾನವಾಗಬೇಕಿತ್ತು. ಹೊರಗೆ ಬಂದು ನಿನ್ನ ಪತ್ರವನ್ನು ಮತ್ತೆ ತೆಗೆದು ಓದಿದೆ.

ನಾನೇನು ಮಾಡಬೇಕು? ನೀನೇ ಹೇಳು. ನೀನು ಹೇಳಿದ್ದನ್ನು ಮಾಡುತ್ತೇನೆ.

ಯೂನಿಯ


ಕಿಹಿಹಿ
10 ಮೇ 1964

ಯೂನಿಯ,

ಡಾಕ್ಟರಮ್ಮನಿಗೆ ಹೀಗೆ ಮೂರು ವಾಕ್ಯ ಬರೆ: ಕೀ ನನ್ನ ಕೊರಳಲ್ಲಿತ್ತು. ಪೆರುಸಿ ಎರಡು ಸಲ ಬಂದು ಕರೆದಳು. ನಾನು ಹೋಗಲಿಲ್ಲ. ಸಹಿ ಹಾಕು. ನಾಲ್ಕನೆಯ ವಾಕ್ಯ ಬೇಡ. ನಾಲ್ಕನೆಯ ವಾಕ್ಯದಲ್ಲೇ ನೀನು ಸಾಕ್ಷಿ ಹೇಳಲು ಶುರುಮಾಡುತ್ತೀಯ.

ಆಮೇಲೆ ಎಸೆರಿಯ ತಾಯಿ ತಿಬಕುಂಡಮ್ಮನ ಮನೆಗೆ ಹೋಗು. ಅವಳು ಕೂಟಕ್ಕೆ ಬರುವವಳಲ್ಲ, ನಿನ್ನ ಹಾಡು ಅವಳಿಗೆ ಗೊತ್ತಿಲ್ಲ. ಒಬ್ಬಳೇ ಹೋಗು. ಇವೆರಡನ್ನೂ ಮಾಡುವ ತನಕ ನನಗೆ ಬರೆಯಬೇಡ.

ಪೆರುಸಿ


ಕಾಬಿರುಂಗ
2 ಜೂನ್ 1964

ಪೆರುಸಿ,

ಬರೆಯಬೇಡ ಎಂದಿದ್ದೆ. ಬೇರೆ ಯಾರಿಗೆ ಬರೆಯಲಿ?

ಮೂರು ವಾಕ್ಯಗಳನ್ನು ಬರೆದೆ. ಅಂಚೆಪೆಟ್ಟಿಗೆಯ ತನಕ ಹೋದೆ. ಶಾಲೆಯ ಹುಡುಗಿಯರು ಎದುರಾಗಿ, "ಸಿಸ್ಟರ್, ವಂದನೆ" ಎಂದು ಮಂಡಿ ಬಗ್ಗಿಸಿದರು. ನಾನು ಕಾಗದವನ್ನು ಮಡಚಿ ವಾಪಸು ತಂದೆ. ಮರುದಿನವೂ ಹೀಗೇ. ಮೂರನೆಯ ದಿನ ಒಲೆಗೆ ಹಾಕಿದೆ.

ಕಳೆದ ವಾರ ಒಂದು ಹೆರಿಗೆಯಲ್ಲಿ ಹೊಕ್ಕುಳಬಳ್ಳಿಗೆ ದಾರ ಕಟ್ಟಲು ಆಗಲಿಲ್ಲ. ಬಾಣಂತಿ ನನ್ನ ಮುಖ ನೋಡಿ, "ಏನಾಯ್ತು ಸಿಸ್ಟರ್, ಮಗು ಚೆನ್ನಾಗಿದೆ ತಾನೆ?" ಎಂದಳು. ಪ್ರಾರ್ಥನಾಲಯದ ಬಾಗಿಲು ದಾಟಲು ಆಗುತ್ತಿಲ್ಲ. ಹೊರಗೆ ನಿಂತು ಹಾಡು ಕೇಳುತ್ತೇನೆ. ಪದಗಳೆಲ್ಲ ಗೊತ್ತು, ಬಾಯಿ ತೆರೆದರೆ ಗಾಳಿ ಬರುತ್ತದೆ.

ಶನಿವಾರ ಬುನ್ಯೋನಿ ಕೆರೆಯ ಆಚೆ ದಡದ ಬಸುರಿಯೊಬ್ಬಳನ್ನು ನೋಡಲು ದೋಣಿಯಲ್ಲಿ ಹೋದೆ. ನೀರು ಕಪ್ಪಗಿತ್ತು, ತೆರೆಯಿರಲಿಲ್ಲ. ದೋಣಿಯವನು, "ಇಲ್ಲಿ ತಳ ಕಂಡೋರಿಲ್ಲ ಸಿಸ್ಟರ್" ಎಂದ. ಬರುವಾಗ ನಾನು ದೋಣಿಯ ಅಂಚಿಗೆ ಸರಿದು ಕೂತೆ. ಆ ಮನುಷ್ಯ ಹುಟ್ಟು ಹಾಕುವುದನ್ನು ನಿಲ್ಲಿಸಿ, "ನಡುವಿಗೆ ಬನ್ನಿ" ಎಂದ. ಎರಡು ಸಲ ಹೇಳಿದ. ಎರಡನೆಯ ಸಲ ಸರಿದು ಬಂದೆ.

ದೇವರು ನನ್ನನ್ನು ಬಿಟ್ಟಿದ್ದಾನೆಯೋ, ಅಥವಾ ಅವನು ಮೊದಲಿನಿಂದಲೂ ನನ್ನೊಂದಿಗೆ ಇರಲೇ ಇಲ್ಲವೋ. ಎರಡನೆಯದರದೇ ಹೆಚ್ಚು ಭಯ.

ಯೂನಿಯ


ಕಿಹಿಹಿ
11 ಜೂನ್ 1964

ಯೂನಿಯ,

ನಿನ್ನ ಪತ್ರ ಬಂದ ದಿನವೇ ಬರೆಯುತ್ತಿದ್ದೇನೆ. ಅಂಚೆಗೆ ಕಾಯದೆ ಕಬಾಲೆಗೆ ಹೋಗುವ ಲಾರಿಯವನ ಕೈಗೆ ಕೊಡುತ್ತೇನೆ.

ನೀರಿನ ಕಡೆ ಹೋಗಬೇಡ. ಕರುಣೆಯಿಂದ ಹೇಳುತ್ತಿದ್ದೇನೆಂದು ತಿಳಿಯಬೇಡ. ನೀನು ಮುಳುಗಿದರೆ ಎರಿಸಾ ದೊಡ್ಡ ಶವಸಂಸ್ಕಾರ ಮಾಡಿಸುತ್ತಾರೆ, ಕಿಗೇಜಿಯ ಜನವೆಲ್ಲ ಬಂದು ಹಾಡುತ್ತದೆ, ನನ್ನ ಹೆಸರು ಸತ್ತದ್ದು ಸತ್ತಂತೆಯೇ ಇರುತ್ತದೆ. ನಿನಗೆ ಅಷ್ಟು ಸುಲಭದ ದಾರಿ ಕೊಡಲು ನಾನು ತಯಾರಿಲ್ಲ. ಊಟ ಮಾಡು. ಒಬ್ಬಳೇ ಇರಬೇಡ, ಅಡಿಗೆಯ ಲೊಯಿಸಿಯನ್ನು ನಿನ್ನ ಕೋಣೆಯಲ್ಲೇ ಮಲಗಿಸಿಕೊ. ಅವಳ ಗೊರಕೆ ಇರಲಿ, ಸಹಿಸಿಕೊ.

ಪ್ರಾರ್ಥನೆ ಬರುತ್ತಿಲ್ಲ ಎಂದೆಯಲ್ಲ. ನನಗೆ ಬರುತ್ತದೆ. ಎರಡು ವರ್ಷದಿಂದ ದಿನಾ ಒಂದೇ ಪ್ರಾರ್ಥನೆ: ಯೂನಿಯ ಬೀಳಲಿ, ನಾನು ನೋಡಬೇಕು. ಎಲೆ ಆರಿಸುತ್ತ ಹೇಳುತ್ತೇನೆ, ಸೊಪ್ಪಿನ ಕಟ್ಟು ಹೊರುತ್ತ ಹೇಳುತ್ತೇನೆ. ಈಗ ನೀನು ಬೀಳುತ್ತಿದ್ದೀಯ. ಪತ್ರ ಓದಿ ನಗಬೇಕೆಂದು ಕೂತೆ. ಕೊಟ್ಟಿಗೆಯ ಹೆಂಗಸರು, "ಯಾಕೇ ಪೆರುಸಿ, ಯಾರು ಸತ್ತರು?" ಎಂದರು.

ನೀನು ಬದುಕಿದ್ದೀಯೆಂದು ಒಂದು ಸಾಲು ಬರೆ.

ಪೆರುಸಿ


ಕಾಬಿರುಂಗ
19 ಜೂನ್ 1964

ಬದುಕಿದ್ದೇನೆ. ಲೊಯಿಸಿ ಗೊರಕೆ ಹೊಡೆಯುತ್ತಾಳೆ.

ಯೂನಿಯ


ಕಾಬಿರುಂಗ
31 ಆಗಸ್ಟ್ 1964

ಪೆರುಸಿ,

ಎರಡೂ ಆಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮಹಾಕೂಟದ ಭಾನುವಾರ ಬಂತು. ಸಾಕ್ಷಿ ಹೇಳಲಾರೆನೆಂದು ಮೊದಲೇ ಹೇಳಿದ್ದೆ, ಎರಿಸಾ ಕಿವಿಗೆ ಹಾಕಿಕೊಂಡಿರಲಿಲ್ಲ. ನನ್ನ ಹೆಸರು ಕರೆದರು. ಎದ್ದೆ. ಕಾಲು ವೇದಿಕೆಯತ್ತ ತಾನಾಗಿ ನಡೆಯಿತು, ಅಷ್ಟು ಅಭ್ಯಾಸ ಅದಕ್ಕೆ. ಮೆಟ್ಟಿಲ ಬಳಿ ಒಂದು ಯೋಚನೆ ಬಂತು: ಈಗಲೇ, ಇಲ್ಲೇ, ಎಲ್ಲವನ್ನೂ ಹೇಳಿಬಿಟ್ಟರೆ? ಎರಡು ಸಾವಿರ ಜನ ಅಳುತ್ತಾರೆ. ಎದೆಯೊಳಗೆ ಆ ಹಳೆಯ ಸುಖ ತಲೆಯೆತ್ತಿತು. ನನ್ನ ಪಾಪವನ್ನೇ ಹೊದ್ದುಕೊಂಡು ಮತ್ತೆ ಬೆಳಗಲು ಹೊರಟಿದ್ದೆ. ಅದನ್ನು ಕಂಡ ಕೂಡಲೇ ನನಗೆ ನನ್ನ ಮೇಲೆ ಎಂಥ ಹೇಸಿಗೆಯಾಯಿತೆಂದು ಹೇಳಲಾರೆ. ಮೆಟ್ಟಿಲಿಂದಲೇ ತಿರುಗಿ, ಜನರ ನಡುವೆ ಹಾದು, ಹೊರಗೆ ಬಂದೆ. ಯಾರೋ, "ಸಿಸ್ಟರಿಗೆ ಮೈ ಸರಿಯಿಲ್ಲ" ಎಂದರು.

ಅಲ್ಲಿಂದ ನೇರ ಡಾಕ್ಟರಮ್ಮನ ಮನೆಗೆ ಹೋದೆ. ಮೂರು ವಾಕ್ಯ ಬರೆದು, ನಿಂತಲ್ಲೇ ಸಹಿ ಹಾಕಿ, ಕೈಗೆ ಕೊಟ್ಟೆ. ಅವರು ಓದಿದರು. ಕನ್ನಡಕ ತೆಗೆದರು. "ನಾನು ಆ ಹುಡುಗಿಯ ಜೀವನ ಹಾಳು ಮಾಡಿದೆ" ಎಂದರು. ನಾನೆಂದು ಅವರು ಹೇಳಿದ್ದು ತಮ್ಮನ್ನೇ. ಆಮೇಲೆ, "ನಾಳೆಯಿಂದ ನೀನು ವಾರ್ಡಿಗೆ ಬರುವ ಹಾಗಿಲ್ಲ" ಎಂದರು.

ಸೋಮವಾರ ಬೆಳಿಗ್ಗೆ ತಿಬಕುಂಡಮ್ಮನ ಮನೆಗೆ ನಡೆದೆ. ಅವಳು ಅಂಗಳದಲ್ಲಿ ಅವರೆ ಬಡಿಯುತ್ತಿದ್ದಳು. ಎಸೆರಿ ಹೆತ್ತ ಮಗು ಅವಳ ಬೆನ್ನಿನ ಮೇಲೆ ನಿದ್ದೆ ಮಾಡುತ್ತಿತ್ತು. ನಾನು ನಿಂತೇ ಹೇಳಿದೆ. ಕೋಲು ಒಂದು ಕ್ಷಣವೂ ನಿಲ್ಲಲಿಲ್ಲ. ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಅನುಮಾನವಾಗಿ ಮತ್ತೆ ಶುರುಮಾಡಿದೆ.

"ಒಂದ್ಸಲ ಕೇಳಿಸ್ತು," ಎಂದಳು. ಇನ್ನೆರಡು ಏಟು ಬಡಿದು, "ಹಂಗಾದ್ರೆ ನಾನು ಎರಡು ವರ್ಷ ಶಪಿಸಿದ್ದು ಬೇರೆಯವಳನ್ನ."

"ಹೌದಮ್ಮ."

"ನನ್ನ ಮಗಳು ಕೊನೇಲಿ ಏನಂದಳು?"

"ನನಗೆ ಗೊತ್ತಿಲ್ಲ. ನಾನು ಅಲ್ಲಿರಲಿಲ್ಲ."

"ನೀನು ಅಲ್ಲಿರಲಿಲ್ಲ." ಕೋಲು ಕೆಳಗಿಟ್ಟಳು. "ಮತ್ತೆ ನಿನ್ನ ಹತ್ರ ನನಗೇನು ಕೆಲಸ? ಅಲ್ಲಿದ್ದವಳನ್ನ ಕರ್ಕೊಂಡು ಬಾ."

ಪೆರುಸಿ, ಬರುತ್ತೀಯಾ?

ನನ್ನೊಳಗೆ ಏನಾದರೂ ಬದಲಾಗಿದೆಯೇ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಬೆಳಕು ಬರಲಿಲ್ಲ, ಹಾಡು ಬರಲಿಲ್ಲ. ಎಲ್ಲ ಕಡೆ ಬರಿದು. ಇಂದು ಬೆಳಿಗ್ಗೆ ಮೊಣಕಾಲೂರಿ, "ನಾನು ಯೂನಿಯ" ಎಂದೆ. ಅದರಾಚೆ ಮಾತು ಸಿಗಲಿಲ್ಲ. ಅಷ್ಟನ್ನು ಮಾತ್ರ ಸುಳ್ಳಿಲ್ಲದೆ ಹೇಳಿದೆ.

ಯೂನಿಯ


ಕಿಹಿಹಿ
27 ಸೆಪ್ಟೆಂಬರ್ 1964

ಯೂನಿಯ,

ಡಾಕ್ಟರಮ್ಮನಿಂದ ಕಾಗದ ಬಂತು. ನನ್ನ ಹೆಸರನ್ನು ಪಟ್ಟಿಗೆ ಮತ್ತೆ ಸೇರಿಸಿದ್ದಾರೆ. ಕ್ಷಮೆ ಕೇಳಿದ್ದಾರೆ, ಕೆಲಸಕ್ಕೆ ಕರೆದಿದ್ದಾರೆ. ಕೊಟ್ಟಿಗೆಯ ಹೆಂಗಸರು ಚಪ್ಪಾಳೆ ತಟ್ಟಿದರು. ನನಗೆ ಸಂತೋಷವಾಗಲಿಲ್ಲ. ಯಾಕೆಂದು ಹೇಳಬೇಕು, ಹೇಳದಿದ್ದರೆ ಸಾಯುತ್ತೇನೆ.

ಎಸೆರಿ ನನ್ನ ತೋಳಿನಲ್ಲಿ ಸಾಯಲಿಲ್ಲ.

ಮೊದಲ ಸಲ ನಿನ್ನ ಹತ್ತಿರ ಬಂದು ಬರಿಗೈಯಲ್ಲಿ ವಾಪಸು ಹೋದಾಗ ಅವಳಿಗೆ ಎಚ್ಚರವಿತ್ತು. ನನ್ನ ಸೆರಗು ಹಿಡಿದು, "ಮತ್ತೆ ಹೋಗ್ಬೇಡ ಅಕ್ಕ, ನನ್ನ ಬಿಟ್ಟು ಹೋಗ್ಬೇಡ" ಎಂದಳು. ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಓಡಿದೆ. ಎರಡನೆಯ ಸಲ ಮೇಲೆ ಬಂದಾಗ ಸತ್ತಿದ್ದಳು. ಕಲ್ಲಿನಿಂದ ಬೀಗ ಒಡೆದದ್ದು ಆಮೇಲೆ, ಯೂನಿಯ. ಸತ್ತವಳಿಗೆ ಸೂಜಿ ಚುಚ್ಚಿದೆ. ಯಾರಾದರೂ ಕೇಳಿದರೆ ಹೇಳಲು ಇರಲಿ ಎಂದು.

ಮೊದಲೇ ಕಲ್ಲು ಎತ್ತಬಹುದಿತ್ತು. ಬೀಗ ಸಣ್ಣದು, ಎರಡೇ ಏಟಿಗೆ ಒಡೆಯಿತು. ಆದರೆ ಅದು ನಿನ್ನ ಬೀರು. ನಿನ್ನ ಅಪ್ಪಣೆಯಿಲ್ಲದೆ ಮುಟ್ಟಲು ಹೆದರಿದೆ. ನಿನ್ನ ಬೈಗುಳಕ್ಕೆ ಹೆದರಿ ಅವಳನ್ನು ಒಬ್ಬಳನ್ನೇ ಬಿಟ್ಟು ಗುಡ್ಡ ಇಳಿದೆ.

ವಿಚಾರಣೆಯಲ್ಲಿ, ನನ್ನ ತೋಳಿನಲ್ಲಿ ಹೋದಳು ಎಂದೆ. ನಿನಗೂ ಹಾಗೇ ಬರೆದೆ. ನಿನ್ನ ಸುಳ್ಳು ಎಷ್ಟು ದೊಡ್ಡದಿತ್ತೆಂದರೆ ಅದರ ಹಿಂದೆ ನನ್ನದು ಹಾಯಾಗಿ ಅಡಗಿ ಕೂತಿತ್ತು. ನಿನ್ನನ್ನು ದ್ವೇಷಿಸಿದಷ್ಟು ದಿನ ಆ ಬೆರಳುಗಳು ನೆನಪಾಗುತ್ತಿರಲಿಲ್ಲ. ಈಗ ನೀನು ನಿನ್ನದನ್ನು ಹೇಳಿಬಿಟ್ಟೆ. ನನಗೆ ಅಡಗಲು ಜಾಗವೇ ಇಲ್ಲ.

ಆ ಮುದುಕಿಗೆ ಏನೆಂದು ಹೇಳಲಿ? ನಾನು ಬರುವುದಿಲ್ಲ.

ಪೆರುಸಿ


ಕಾಬಿರುಂಗ
9 ಅಕ್ಟೋಬರ್ 1964

ಪ್ರೀತಿಯ ಪೆರುಸಿ,

ಮೊದಲಿನ ಯೂನಿಯ ಆಗಿದ್ದರೆ ಈ ಹೊತ್ತಿಗೆ ನಿನಗೆ ನಾಲ್ಕು ಪುಟ ಉಪದೇಶ ಬರೆದಿರುತ್ತಿದ್ದಳು. ನನ್ನ ಹತ್ತಿರ ಉಪದೇಶವಿಲ್ಲ. ಅವಳ ಬೆರಳು ಬಿಡಿಸಿ ನೀನು ಓಡಿ ಬಂದದ್ದು ನನ್ನ ಹತ್ತಿರಕ್ಕೆ. ನೀನು ನನಗೆ ಅಷ್ಟು ಹೆದರುತ್ತಿದ್ದೆಯೆಂಬುದು ಕೂಡ ನನ್ನ ಲೆಕ್ಕಕ್ಕೇ ಸೇರಬೇಕು. ನಿನ್ನ ಪಾಲಿನದು ನಿನ್ನದೇ. ಅದನ್ನು ನಾನು ಹೊರಲಾರೆ, ಹೊರುತ್ತೇನೆಂದರೆ ಅದೂ ಒಂದು ಸೋಗು.

ನೀನು ಬರೆದದ್ದನ್ನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ.

ನಾನೀಗ ಬುಧವಾರ ಮತ್ತು ಶನಿವಾರ ತಿಬಕುಂಡಮ್ಮನ ಹೊಲದಲ್ಲಿ ಅಗೆಯುತ್ತೇನೆ. ಅವಳು ಕರೆಯಲಿಲ್ಲ. ನಾನಾಗಿ ಗುದ್ದಲಿ ತೆಗೆದುಕೊಂಡು ಹೋದೆ. ಮೊದಲ ದಿನ, "ನಿನ್ನ ಹೊಲ ಇಲ್ವಾ?" ಎಂದು ಕೇಳಿ ಒಳಗೆ ಹೋದಳು. ಓಡಿಸಲಿಲ್ಲ. ಮಧ್ಯಾಹ್ನ ಜೋಳದ ಅಂಬಲಿಯನ್ನು ಬೇಲಿಯ ಕಲ್ಲಿನ ಮೇಲೆ ಇಟ್ಟು ಹೋಗುತ್ತಾಳೆ, ಕೈಗೆ ಕೊಡುವುದಿಲ್ಲ. ಮೇಲಿನ ಪಟ್ಟಿಯ ಮಣ್ಣೆಲ್ಲ ಕೊಚ್ಚಿಹೋಗಿತ್ತು, ಬದು ಕಟ್ಟಿದ್ದೇನೆ. ಶುಕ್ರವಾರದ ಕೂಟದವರು ನನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ. ನಾನು ನಂಬಿಕೆಯಲ್ಲಿ ತಣ್ಣಗಾಗಿದ್ದೇನೆ, ಬಿದ್ದುಹೋಗಿದ್ದೇನೆ ಎಂದು ಎರಿಸಾ ಪ್ರಾರ್ಥನೆಯಲ್ಲೇ ಹೇಳಿದರಂತೆ. ಇರಬಹುದು. ಎದೆ ಬಹಳ ತಣ್ಣಗಿದೆ. ಬೆಳಿಗ್ಗೆ ಏಳಬೇಕೆಂದರೆ ಭಯವಾಗುತ್ತದೆ. ಆದರೂ ಬುಧವಾರ ಬಂದರೆ ಕಾಲು ಹೊಲದ ಕಡೆ ನಡೆಯುತ್ತದೆ. ಇದು ಅಭ್ಯಾಸವಲ್ಲ, ಇದೇನೆಂದು ನನಗೆ ಗೊತ್ತಿಲ್ಲ. ಯಾರೋ ನನ್ನ ಮುಂದೆ ನಡೆಯುತ್ತಿದ್ದಾರೆ, ಅವರ ಬೆನ್ನು ಕೂಡ ಕಾಣುವುದಿಲ್ಲ ಎಂಬ ಹಾಗೆ.

ನೀನು ಬಂದರೆ ಸೋಮವಾರ ಬಾ. ಅಂದು ನಾನು ಅಲ್ಲಿರುವುದಿಲ್ಲ. ನೀನು ಹೇಳುವಾಗ ನಾನು ಕೇಳಿಸಿಕೊಳ್ಳುತ್ತ ನಿಲ್ಲುವುದು ಬೇಡ. ಬರದಿದ್ದರೂ ನಿನ್ನ ಮೇಲೆ ನನಗೆ ಮುನಿಸಿಲ್ಲ.

ನಿನ್ನ,
ಯೂನಿಯ


ತಿಬಕುಂಡಮ್ಮನ ಮನೆಯಿಂದ
16 ನವೆಂಬರ್ 1964, ಸೋಮವಾರ

ಯೂನಿಯ,

ಬಂದೆ. ಮೂರು ಸಲ ಕಬಾಲೆಯ ತನಕ ಬಂದು ಮೂರು ಸಲ ವಾಪಸು ಹೋಗಿದ್ದೆ. ಇಂದು ಬಂದೆ. ಸಂಜೆಯ ಲಾರಿಗೆ ಹೊರಡಬೇಕು, ಅದಕ್ಕೆ ಈ ಕಾಗದವನ್ನು ಮುದುಕಿಯ ಹತ್ತಿರ ಬಿಟ್ಟು ಹೋಗುತ್ತೇನೆ.

ಅವಳಿಗೆ ಎಲ್ಲ ಹೇಳಿದೆ. ಸೆರಗು ಹಿಡಿದದ್ದು, ಅಕ್ಕ ಎಂದದ್ದು, ಬೆರಳು ಬಿಡಿಸಿದ್ದು. ಮುದುಕಿ ನನ್ನ ಕೈ ತೆಗೆದುಕೊಂಡು ತಿರುವಿ ನೋಡಿದಳು, ಅದರಲ್ಲಿ ಮಗಳ ಉಗುರಿನ ಗುರುತು ಇರಬಹುದೇನೋ ಎಂಬಂತೆ. ಆಮೇಲೆ ಅತ್ತಳು. ಎರಡು ವರ್ಷದ ಮೇಲೆ ಮೊದಲ ಸಲ ಅತ್ತಳಂತೆ. ನಾನು ಹಿಡಿದುಕೊಳ್ಳಲು ಹೋದರೆ ತಳ್ಳಿದಳು, ಇನ್ನೊಂದು ಸಲ ಹೋದಾಗ ತಳ್ಳಲಿಲ್ಲ.

"ಒಬ್ಬಳೇ ಸತ್ತಳಾ?" ಎಂದು ಕೇಳಿದಳು.

"ಹೌದಮ್ಮ. ಮಗು ಬುಟ್ಟಿಯಲ್ಲಿತ್ತು. ಬೇರೆ ಯಾರೂ ಇರಲಿಲ್ಲ."

"ಅಲ್ಲಿ ಸದ್ದೇ ಇರಲಿಲ್ವಾ?"

ಕಿಟಕಿ ತೆರೆದಿತ್ತು. ನೀಲಗಿರಿ ಮರಕ್ಕೆ ಧ್ವನಿವರ್ಧಕ ಕಟ್ಟಿದ್ದರು. ನಿನ್ನ ಮಾತು ವಾರ್ಡಿನೊಳಗೆ ಒಂದೊಂದಾಗಿ ಕೇಳಿಸುತ್ತಿತ್ತು. ಅದನ್ನೂ ಹೇಳಿದೆ.

ಮುದುಕಿ ಮಗುವಿಗೆ ಗೆಣಸು ಸುಲಿದು ಕೊಟ್ಟಳು. ಆಮೇಲೆ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ: "ಹಂಗಾದ್ರೆ ನನ್ನ ಮಗಳು ಕೊನೇಲಿ ಕೇಳಿದ್ದು ಅವಳ ಮಾತು. ಬುಧವಾರ ಅವಳು ಬರ್ತಾಳಲ್ಲ, ಗುದ್ದಲಿ ತರೋದು ಬೇಡ ಅನ್ನು. ಅವತ್ತು ಏನೇನು ಹೇಳಿದಳೋ ಅದಷ್ಟನ್ನೂ ನನ್ನ ಮುಂದೆ ಹೇಳಲಿ. ಮಗಳು ಕೇಳಿದ್ದನ್ನ ನಾನೂ ಕೇಳಬೇಕು."

ನಾನು, "ಅಮ್ಮ, ಅದು ಅವಳ ಕೈಲಿ ಆಗಲ್ಲ" ಎಂದೆ. "ಆಗ್ಲೇಬೇಕು" ಎಂದಳು.

ನಿನಗಾಗಿ ಇಂದು ಮೊದಲ ಸಲ ಬೇರೆ ಪ್ರಾರ್ಥನೆ ಮಾಡುತ್ತಿದ್ದೇನೆ.

ಪೆರುಸಿ


ಕಾಬಿರುಂಗ
19 ನವೆಂಬರ್ 1964

ಪ್ರೀತಿಯ ಪೆರುಸಿ,

ನಿನ್ನೆ ಹೋದೆ.

ಅಂಗಳದಲ್ಲಿ ಚಾಪೆ ಹಾಸಿದ್ದಳು. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಶುರು ಮಾಡು" ಎಂದಳು. ಕಾಲು ಮಡಚಿ ಕೂತು ತಗ್ಗಿದ ದನಿಯಲ್ಲಿ ಶುರುಮಾಡಿದೆ. "ಹಂಗಲ್ಲ. ನಿಂತ್ಕೊ. ಅವತ್ತು ಹೇಳಿದ ಹಂಗೆ, ಜೋರಾಗಿ." ನಿಂತೆ.

ಆ ಸಾಕ್ಷಿ ನನಗೆ ಅಕ್ಷರ ಅಕ್ಷರ ನೆನಪಿದೆ. ನೂರು ಸಲ ಹೇಳಿದ್ದೇನೆ. ನಾನು ಕತ್ತಲಲ್ಲಿದ್ದೆ, ನನ್ನನ್ನು ಹುಡುಕಿಕೊಂಡು ಬಂದವನು ಒಬ್ಬನಿದ್ದ. ಕಳೆದುಹೋದವರ ಕೂಗನ್ನು ಅವನು ಎಂದೂ ಕೇಳದೆ ಇರುವುದಿಲ್ಲ. ಕೈಯಲ್ಲಿ ಎಂಥ ಕೆಲಸವಿದ್ದರೂ ಬಿಟ್ಟು ಓಡಿ ಬರುತ್ತಾನೆ. ಹೀಗೆ ಹೇಳಿದ್ದೆ, ಪೆರುಸಿ. ಇದೇ ಮಾತು. ಇಲ್ಲಿಗೆ ಬಂದಾಗ ನಿಲ್ಲಿಸಿದೆ. "ಇಲ್ಲಿ ಪೆರುಸಿ ಬಂದು ಕರೆದಳಮ್ಮ" ಎಂದೆ.

"ಆಗ ನಿಲ್ಲಿಸಿದೆಯಾ?"

"ಇಲ್ಲ."

"ಹಂಗಾದ್ರೆ ಈಗ್ಲೂ ನಿಲ್ಲಿಸ್ಬೇಡ."

ಮುಂದುವರಿಸಿದೆ. ನೀನು ಎರಡನೆಯ ಸಲ ಬಂದ ಜಾಗಕ್ಕೂ ಬಂದೆ. ಅಲ್ಲಿ ನಾನು ಮುಖ ತಿರುಗಿಸಿ ಹೇಳಿದ ಮಾತು, "ಆತನು ಸಾಯುವವರನ್ನು ಒಬ್ಬರನ್ನೇ ಬಿಡುವುದಿಲ್ಲ" ಎಂಬುದು. ಅದನ್ನು ಎಸೆರಿಯ ತಾಯಿಯ ಮುಖ ನೋಡುತ್ತ ಜೋರಾಗಿ ಹೇಳಿದೆ. ಮಣ್ಣಿಗೆ ಕುಸಿದೆ. ಕುಸಿದಲ್ಲೇ ಕೊನೆಯ ತನಕ ಹೇಳಿ ಮುಗಿಸಿದೆ.

ಆ ಮಾತುಗಳಲ್ಲಿ ಒಂದೂ ಸುಳ್ಳಿರಲಿಲ್ಲ. ಅಂದು ಎಲ್ಲವೂ ನಿಜವಾಗಿತ್ತು, ನಾನು ಮಾತ್ರ ಅದರೊಳಗೆ ಇರಲಿಲ್ಲ. ನಿನ್ನೆ ಮಣ್ಣಿನಲ್ಲಿ ಬಿದ್ದು ಹೇಳುವಾಗ ಅವು ಮೊದಲ ಸಲ ನನಗೇ ಕೇಳಿಸಿದವು, ಬೇರೆ ಯಾರೋ ನನಗೆ ಹೇಳುತ್ತಿದ್ದ ಹಾಗೆ. ಕತ್ತಲಲ್ಲಿ ಇರುವವಳು ನಾನು, ಇಂದೂ. ಹುಡುಕಿಕೊಂಡು ಬರುವವನು ಬಂದನೋ ಇಲ್ಲವೋ ಗೊತ್ತಿಲ್ಲ. ಆದರೆ ನಾನು ಕೂಗುತ್ತಿದ್ದೆ. ಅದು ಪ್ರಾರ್ಥನೆಯೆಂದು ಆಮೇಲೆ ತಿಳಿಯಿತು.

ಮುದುಕಿ, "ಇಷ್ಟೇನಾ?" ಎಂದಳು. "ಇಷ್ಟೇ" ಎಂದೆ. "ಒಬ್ಬರನ್ನೇ ಬಿಡಲ್ಲ ಅಂತ ಕೇಳ್ತಾ ಹೋದಳು," ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಅವಳ ಮುಖ ಗಟ್ಟಿಯಾಯಿತು. "ನಿನ್ನ ಮೇಲೆ ನನಗೆ ಸಿಟ್ಟು ಹೋಗಿಲ್ಲ. ಹೋಗುತ್ತೆ ಅಂತ ಕಾಯ್ಬೇಡ. ಶನಿವಾರ ಗುದ್ದಲಿ ತಗೊಂಡು ಬಾ, ಅವರೆ ಬಿತ್ತಬೇಕು."

ಡಾಕ್ಟರಮ್ಮನನ್ನು ಇಂದು ಕಂಡು ಬಂದೆ. ನೀನು ವಾರ್ಡನ್ನು ವಹಿಸಿಕೊಳ್ಳಲು ಬರುವುದಾದರೆ ನೆಲ ತೊಳೆಯುವ, ರಕ್ತದ ಬಟ್ಟೆ ಒಗೆಯುವ ಕೆಲಸ ನನಗೆ ಕೊಡಿ ಎಂದು ಕೇಳಿದೆ. "ಅದು ಪೆರುಸಿ ತೀರ್ಮಾನಿಸಬೇಕು" ಎಂದರು. ಸರಿಯಾಗಿಯೇ ಹೇಳಿದರು. ನೀನು ಬೇಡವೆಂದರೆ ನಾನು ಬೇರೆ ಊರಿಗೆ ಹೋಗುತ್ತೇನೆ. ಬರಲಿ ಎಂದರೆ ನೀನು ಕರೆದ ಕೂಡಲೇ ಬರುತ್ತೇನೆ.

ಯೂನಿಯ


ಕಿಹಿಹಿ
1 ಡಿಸೆಂಬರ್ 1964

ಯೂನಿಯ,

ಸೋಮವಾರ ಬರುತ್ತಿದ್ದೇನೆ. ಬಕೆಟ್ಟು, ಬ್ರಷ್ಷು ಎಲ್ಲಿದೆಯೆಂದು ಲೊಯಿಸಿಯನ್ನು ಕೇಳು. ಬೀರುವಿಗೆ ಬೀಗ ಇರುವುದಿಲ್ಲ.

ಪೆರುಸಿ